ಏರಿಯಾದ ಹೆಸರು ಕೇಳಬೇಡಿ, ರಾತ್ರಿ ಹನ್ನೊಂದೂವರೆಗೆ ಆ ಬೀದಿಯಲ್ಲಿ ನಡೆದು ನೋಡಿ

ಓದುಗರ ಪ್ರಶ್ನೆ: ನಾನು ಗದಗಿನವಳು, ವಯಸ್ಸು 26. ಮುಂಬೈಯ ಅಂಧೇರಿ ಪೂರ್ವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಮಧ್ಯಾಹ್ನ 2ರಿಂದ ರಾತ್ರಿ 11ರವರೆಗೆ ಶಿಫ್ಟ್. ಅಪ್ಪ ಇಲ್ಲ. 58 ವರ್ಷದ ಅವ್ವ ನನ್ನ ಜೊತೆಗೇ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ಬಾಡಿಗೆಗೆ ತಿಂಗಳಿಗೆ 23 ಸಾವಿರಕ್ಕಿಂತ ಹೆಚ್ಚು ಕೊಡಲಾರೆ. ಸೋದರಮಾವ, 'ಡೊಂಬಿವಲಿಗೆ ಬಂದುಬಿಡಿ, ಅಲ್ಲಿ ನಮ್ಮವರಿದ್ದಾರೆ' ಅನ್ನುತ್ತಾರೆ. ಆಫೀಸಿನವರು, 'ವೆಸ್ಟ್‌ನಲ್ಲೇ ನೋಡು, ಈಸ್ಟ್ ಸೇಫ್ ಅಲ್ಲ' ಅನ್ನುತ್ತಾರೆ. ಒಬ್ಬ ಬ್ರೋಕರ್ ನಾಲಾಸೋಪಾರಾದಲ್ಲಿ ಹೊಸ ಬಿಲ್ಡಿಂಗಿನ ಫ್ಲ್ಯಾಟ್ ತೋರಿಸಿ, 6 ಲಕ್ಷ ಹೆವಿ ಡಿಪಾಸಿಟ್ ಕೊಟ್ಟರೆ ಬಾಡಿಗೆಯೇ ಬೇಡ ಎಂದಿದ್ದಾನೆ. ಮರೋಳದಲ್ಲಿ ಒಂದು ವನ್ ಆರ್‌ಕೆ (ಒಂದು ಕೋಣೆ, ಅಡುಗೆಮನೆ) ಇಷ್ಟವಾಯಿತು, ಆದರೆ ಪಕ್ಕದಲ್ಲೇ ಝೋಪಡಪಟ್ಟಿ ಇದೆ, ಹೆದರಿಕೆ. ಮುಂಬೈಯಲ್ಲಿ ಯಾವ ಏರಿಯಾ ಸುರಕ್ಷಿತ, ದಯವಿಟ್ಟು ಹೇಳಿ. ಅವ್ವ ಕೇಳುವುದು ಒಂದೇ ಮಾತು: ಬಾಗಿಲ ಮುಂದೆ ರಂಗೋಲಿ ಹಾಕಲು ಜಾಗ ಇರುತ್ತದೆಯೇ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ನಾನೂ ಧಾರವಾಡದಿಂದ ಬಂದವಳು. ಸ್ಟ್ರಕ್ಚರಲ್ ಎಂಜಿನಿಯರ್. 27 ವರ್ಷಗಳಿಂದ ಮುಂಬೈಯ ಹೌಸಿಂಗ್ ಸೊಸೈಟಿಗಳ ಕಟ್ಟಡಗಳನ್ನು ತಪಾಸಣೆ ಮಾಡುವುದೇ ನನ್ನ ಕೆಲಸ. ಮನೆ ಹುಡುಕಿಕೊಂಡು ಊರಿಂದ ಬಂದವರು ಮೊದಲು ಕೇಳುವ ಪ್ರಶ್ನೆ ನಿಮ್ಮದೇ: ಯಾವ ಏರಿಯಾ ಸೇಫ್? ನೀವು ಹೆಸರು ಕೇಳಿದ್ದೀರಿ, ಆದರೆ ಪತ್ರದಲ್ಲಿರುವುದು ಬೇರೆ ಬೇರೆ ಭಯಗಳು. ರಾತ್ರಿ ಒಬ್ಬಳೇ ಮನೆ ಸೇರಬೇಕು. ಅವ್ವ ಹತ್ತು ತಾಸು ಒಬ್ಬರೇ ಇರಬೇಕು. ಕೂಡಿಟ್ಟ ದುಡ್ಡು ಕೈತಪ್ಪಬಾರದು. ಅಕ್ಕಪಕ್ಕದ ಜನ ಎಂಥವರೋ ಗೊತ್ತಿಲ್ಲ. ಇಷ್ಟಕ್ಕೂ ಉತ್ತರವಾಗುವಂಥ ಒಂದು ಏರಿಯಾ ಮುಂಬೈಯಲ್ಲಿಲ್ಲ. ಇಲ್ಲಿ ಸುರಕ್ಷತೆ ಇರುವುದು ಪಿನ್‌ಕೋಡಿನಲ್ಲಲ್ಲ. ನೀವು ಇಳಿಯುವ ಸ್ಟೇಷನ್ನಿನಿಂದ ನಿಮ್ಮ ಬಾಗಿಲವರೆಗಿನ ಅರ್ಧ ಕಿಲೋಮೀಟರಿನಲ್ಲಿ, ಆ ಬಾಗಿಲಿರುವ ಕಟ್ಟಡದಲ್ಲಿ, ಆ ಕಟ್ಟಡಕ್ಕೆ ನೀವು ಸಹಿ ಹಾಕುವ ಕಾಗದದಲ್ಲಿ.

ಮೊದಲು ಆ ಈಸ್ಟ್–ವೆಸ್ಟ್ ಮಾತು. ರೈಲು ಹಳಿಯ ಪಶ್ಚಿಮಕ್ಕೆ ಬಾಡಿಗೆ ಹೆಚ್ಚು, ಅಂಗಡಿ ಹೆಚ್ಚು, ಸಿನಿಮಾದವರ ಹೆಸರು ಹೆಚ್ಚು. ಹೀಗಾಗಿ ಅದಕ್ಕೊಂದು ಮೆರುಗು ಬಂದಿದೆ. ಪೊಲೀಸ್ ಠಾಣೆಯ ಲೆಕ್ಕಕ್ಕೂ ಈ ಮೆರುಗಿಗೂ ಸಂಬಂಧವಿಲ್ಲ. ನಿಮ್ಮ ಆಫೀಸು ಪೂರ್ವದಲ್ಲಿದೆ. ನೀವು ಪಶ್ಚಿಮದಲ್ಲಿ ಮನೆ ಮಾಡಿದರೆ ದಿನಾ ಹಳಿ ದಾಟಬೇಕು, ದಾಟುವ ದಾರಿಗಳಲ್ಲಿ ಒಂದು ಅಂಧೇರಿ ಸಬ್‌ವೇ. ಜೋರು ಮಳೆ ಒಂದು ತಾಸು ಹೊಡೆದರೆ ಸಾಕು, ಆ ಸಬ್‌ವೇ ತುಂಬಿ ಪೊಲೀಸರು ಹಗ್ಗ ಕಟ್ಟಿ ಮುಚ್ಚುತ್ತಾರೆ. ಸಾಂತಾಕ್ರೂಜ್‌ನ ಮಿಲನ್ ಸಬ್‌ವೇಯದೂ ಅದೇ ಕಥೆ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿದವಳಿಗೆ ಮಳೆಗಾಲದಲ್ಲಿ ಸುರಕ್ಷಿತವಾದದ್ದು ಆಫೀಸಿದ್ದ ಬದಿಯ ಮನೆಯೇ.

ದುಬಾರಿ ಏರಿಯಾ ಅಂದರೆ ಸುರಕ್ಷಿತ ಎನ್ನುವ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಬೇಕು. 2013ರ ಆಗಸ್ಟ್‌ನಲ್ಲಿ ಇಡೀ ದೇಶವನ್ನೇ ನಡುಗಿಸಿದ ಸಾಮೂಹಿಕ ಅತ್ಯಾಚಾರ ನಡೆದದ್ದು ಮಹಾಲಕ್ಷ್ಮಿಯಲ್ಲಿ, ಪಾಳುಬಿದ್ದ ಶಕ್ತಿ ಮಿಲ್ ಆವರಣದಲ್ಲಿ. ಸುತ್ತಮುತ್ತ ನಗರದ ಅತಿ ತುಟ್ಟಿ ಕಟ್ಟಡಗಳು. ಹೊತ್ತು ಸಂಜೆ, ಮಧ್ಯರಾತ್ರಿಯಲ್ಲ. ಆ ಜಾಗ ಅಪಾಯಕಾರಿಯಾದದ್ದು ಬಡವರಿಂದಲೂ ಅಲ್ಲ, ಕತ್ತಲಿಂದಲೂ ಅಲ್ಲ; ಗೋಡೆಯ ಒಳಗೆ ಏನು ನಡೆದರೂ ನೋಡುವ ಕಣ್ಣೊಂದಿಲ್ಲದ್ದರಿಂದ. ಮನೆ ಹುಡುಕುವಾಗ ನಾನು ಹೇಳಿಕೊಡುವ ಮೊದಲ ಪಾಠ ಇದೇ: ಜನ ಇಲ್ಲದ ಜಾಗಕ್ಕೆ ಹೆದರಿ, ಜನ ಇರುವ ಜಾಗಕ್ಕಲ್ಲ.

ಈಗ ನಿಮ್ಮ ಮರೋಳದ ಝೋಪಡಪಟ್ಟಿಗೆ ಬರುತ್ತೇನೆ. ಅಲ್ಲಿ ರಾತ್ರಿ ಹನ್ನೆರಡಕ್ಕೂ ಇಸ್ತ್ರಿಯವನು ಕೆಂಡದ ಪೆಟ್ಟಿಗೆ ಒತ್ತುತ್ತಿರುತ್ತಾನೆ, ಪಾನ್ ಅಂಗಡಿ ತೆರೆದಿರುತ್ತದೆ, ಹೆಂಗಸರು ನಳದ ಹತ್ತಿರ ಕೊಡ ಇಟ್ಟು ಕೂತಿರುತ್ತಾರೆ, ಶಿಫ್ಟ್ ಮುಗಿಸಿದ ಹುಡುಗಿಯರು ನಾಲ್ಕೈದು ಜನ ಒಟ್ಟಿಗೆ ನಡೆದು ಬರುತ್ತಾರೆ. ನನ್ನ ಮನೆಗೆಲಸಕ್ಕೆ ಬರುವಾಕೆ, ನನ್ನ ಸೈಟಿನ ಸೂಪರ್‌ವೈಸರ್, ಆಸ್ಪತ್ರೆಯ ನರ್ಸ್‌ಗಳು ವಾಸ ಮಾಡುವುದು ಅಂಥ ಓಣಿಗಳಲ್ಲೇ. ಕುಡಿತದ ಗಲಾಟೆ ಇರುತ್ತದೆ, ಗಣಪತಿ ದಿನಗಳಲ್ಲಿ ಕಿವಿ ಹರಿಯುವ ಸದ್ದು ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ನಿಜವಾದ ಕಷ್ಟ ಆ ಓಣಿಯಲ್ಲ, ಎಂಐಡಿಸಿಯ ಉದ್ದುದ್ದ ಕಾಂಪೌಂಡ್ ಗೋಡೆಗಳು. ಹಗಲು ಟೆಂಪೋ, ಲಾರಿ, ಚಹಾ ಗಾಡಿ. ರಾತ್ರಿ ಒಂಬತ್ತಾದರೆ ಎರಡೂ ಬದಿ ಗೋಡೆ, ನಡುವೆ ನೀವು, ಮುಂದೆ ಮುನ್ನೂರು ಮೀಟರ್ ಒಂದೂ ಬಾಗಿಲಿಲ್ಲ. ಅಂಥ ರಸ್ತೆ ನಿಮ್ಮ ದಾರಿಯಲ್ಲಿದ್ದರೆ ಆ ಮನೆ ಬೇಡ, ಎಷ್ಟೇ ಚೆಂದ ಇರಲಿ.

ಇನ್ನೊಂದು ಮಾತು ಬ್ರೋಕರುಗಳು ದನಿ ತಗ್ಗಿಸಿ ಹೇಳುತ್ತಾರೆ: 'ಮೇಡಂ, ಅಲ್ಲಿ ಆ ಜನ ಜಾಸ್ತಿ.' ಯಾರು ಯಾವ ದೇವರಿಗೆ ಕೈಮುಗಿಯುತ್ತಾರೆ ಎನ್ನುವುದರಿಂದ ನಿಮ್ಮ ಬೀದಿಯ ಸುರಕ್ಷತೆ ತೀರ್ಮಾನ ಆಗುವುದಿಲ್ಲ. ಆ ಮಾತಿಗೆ ಮಣಿದು ಒಳ್ಳೆಯ ಮನೆ ಬಿಟ್ಟು, ತೇಪೆ ಹಚ್ಚಿದ ಕಟ್ಟಡ ಸೇರಿ ಪಶ್ಚಾತ್ತಾಪ ಪಟ್ಟವರನ್ನು ನಾನು ನೋಡಿದ್ದೇನೆ. ಅಪರಿಚಿತರ ಭಯಕ್ಕೂ ಒಂದು ಮಿತಿ ಇರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಲ್ಲಿ ವರ್ಷವರ್ಷವೂ ಶೇ 90ಕ್ಕಿಂತ ಹೆಚ್ಚು ಅತ್ಯಾಚಾರ ಪ್ರಕರಣಗಳ ಆರೋಪಿ ಪರಿಚಿತನೇ. ಮನೆಯ ಇನ್ನೊಂದು ಕೀಲಿ ಯಾರ ಕೈಯಲ್ಲಿದೆ ಎಂದು ಕೇಳುವುದು ಎದುರಿನ ಓಣಿಯಲ್ಲಿ ಯಾರಿದ್ದಾರೆ ಎಂದು ಕೇಳುವುದಕ್ಕಿಂತ ಮುಖ್ಯ. ಹೊಸ ಮನೆಗೆ ಹೋದ ದಿನವೇ ಬಾಗಿಲಿನ ಬೀಗ ಬದಲಿಸಿ, ನೂರೆಂಟು ಮಾತು ಬೇಡ.

ಮುಂಬೈಯಲ್ಲಿ ಜೀವ ಎಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಚಿತ್ರವೇ ಬೇರೆ. ನಗರದಲ್ಲಿ ವರ್ಷಕ್ಕೆ ಆಗುವ ಕೊಲೆಗಳು ಇತ್ತೀಚಿನ ವರ್ಷಗಳಲ್ಲಿ 200ರ ಒಳಗೇ ಇವೆ. ಉಪನಗರ ರೈಲು ಜಾಲದಲ್ಲಿ ಹಳಿ ದಾಟುವಾಗ, ತುಂಬಿದ ಬೋಗಿಯ ಬಾಗಿಲಿನಿಂದ ಬಿದ್ದು, ಇನ್ನಿತರ ಕಾರಣಗಳಿಂದ, ಕೋವಿಡ್ ವರ್ಷಗಳನ್ನು ಬಿಟ್ಟರೆ, ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. 2025ರ ಜೂನ್ 9ರ ಬೆಳಿಗ್ಗೆ ದಿವಾ–ಮುಂಬ್ರಾ ನಡುವೆ ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದವರು ಉದುರಿಬಿದ್ದದ್ದು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅದು ಡೊಂಬಿವಲಿಯವರು ದಿನಾ ಹಾದುಹೋಗುವ ದಾರಿ.

ಅದಕ್ಕೇ ನಿಮ್ಮ ಮಾವನ ಸಲಹೆಯನ್ನು ಒಪ್ಪಲು ನನಗೆ ಕಷ್ಟ. ಡೊಂಬಿವಲಿ ಕೆಟ್ಟ ಊರು ಅಲ್ಲವೇ ಅಲ್ಲ. ಕನ್ನಡದವರ ಸಂಘ ಇದೆ, ಶಾಲೆ ಇದೆ, ಅವ್ವನಿಗೆ ಮಾತಿಗೆ ಜನ ಸಿಗುತ್ತಾರೆ. ಅದೇ ಬಾಡಿಗೆಗೆ ಒಂದು ಬೆಡ್‌ರೂಮ್ ಹೆಚ್ಚೇ ಬರುತ್ತದೆ. ನಿಮ್ಮ ಶಿಫ್ಟ್ ಬೆಳಿಗ್ಗೆ ಹತ್ತರಿಂದ ಆರರವರೆಗೆ ಇದ್ದು, ಆಫೀಸು ಠಾಣೆ ನಗರದಲ್ಲಿದ್ದಿದ್ದರೆ ನಾನೇ ಅಲ್ಲಿಗೆ ಹೋಗಿ ಎನ್ನುತ್ತಿದ್ದೆ. ಆದರೆ ನಿಮಗಿರುವುದು ಹನ್ನೊಂದಕ್ಕೆ ಆಫೀಸು ಬಿಟ್ಟು, ಮೆಟ್ರೋ ಹಿಡಿದು ಘಾಟ್ಕೋಪರ್, ಅಲ್ಲಿಂದ ಲೋಕಲ್, ಇಳಿದು ರಿಕ್ಷಾ. ಮನೆ ಮುಟ್ಟುವಾಗ ರಾತ್ರಿ ಒಂದು ಗಂಟೆ. ಮೆಟ್ರೋ ಮಧ್ಯರಾತ್ರಿಗೆ ಮೊದಲೇ ಮುಗಿಯುತ್ತದೆ. ಒಂದು ದಿನ ಕೆಲಸ ಇಪ್ಪತ್ತು ನಿಮಿಷ ತಡವಾದರೆ ಕೊಂಡಿ ತಪ್ಪಿತು. ವಾರಕ್ಕೆ ಐದಾರು ಸಲ ಈ ಪ್ರಯಾಣ ಮಾಡುವ ದಣಿವೂ ಅಪಾಯವೇ. ನಿದ್ದೆಗಣ್ಣಲ್ಲಿ ಹಳಿ ದಾಟಲು ಹೋಗುವವರು ಹೆಚ್ಚಾಗಿ ಸೋಮಾರಿಗಳಲ್ಲ, ಸೋತವರು. ಲೋಕಲ್ ಹತ್ತಲೇಬೇಕಾದ ರಾತ್ರಿ ಮಹಿಳಾ ಬೋಗಿಯ ಮೇಲೆ ಬರೆದ ಸಮಯ ಓದಿ ಹತ್ತಿ: ಕೆಲವು ಇಡೀ ದಿನದವು, ಕೆಲವು ನಿಗದಿತ ಗಂಟೆಗಳವು ಮಾತ್ರ. ರಾತ್ರಿ ಮಹಿಳಾ ಬೋಗಿಯಲ್ಲಿ ಕಾವಲಿಗೆ ಪೊಲೀಸರನ್ನು ಹಾಕುತ್ತಾರೆ, ಅವರಿದ್ದ ಬೋಗಿಯೇ ಹತ್ತಿ.

ಇದಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿದೇ ಇರುವುದಿಲ್ಲ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಆಫೀಸು, ಅಂಗಡಿಗಳಿಗೆ ಅನ್ವಯಿಸುವ ಮಹಾರಾಷ್ಟ್ರದ 2017ರ ಕಾಯ್ದೆಯ ಪ್ರಕಾರ ರಾತ್ರಿ 9.30ರ ನಂತರ ಹೆಣ್ಣುಮಗಳನ್ನು ಕೆಲಸಕ್ಕೆ ಇರಿಸಿಕೊಳ್ಳಲು ಅವಳ ಒಪ್ಪಿಗೆ ಬೇಕು, ಮತ್ತು ಅವಳನ್ನು ಮನೆಯ ಬಾಗಿಲವರೆಗೆ ತಲುಪಿಸುವ ಹೊಣೆ ಸಂಸ್ಥೆಯದು. ಬಸ್ ಸ್ಟಾಪಿನವರೆಗಲ್ಲ, ಸ್ಟೇಷನ್ನಿನವರೆಗಲ್ಲ, ಬಾಗಿಲವರೆಗೆ. ಕೆಲಸಕ್ಕೆ ಸೇರುವ ಮೊದಲೇ ಎಚ್‌ಆರ್‌ಗೆ ಇಮೇಲ್ ಬರೆದು ಕೇಳಿ: ಡ್ರಾಪ್ ಗಾಡಿ ಇದೆಯೇ, ಎಷ್ಟು ದೂರದವರೆಗೆ, ಗಾಡಿಯಲ್ಲಿ ಕೊನೆಗೆ ಇಳಿಯುವವಳು ನೀವೊಬ್ಬಳೇ ಆದರೆ ಜೊತೆಗೆ ಗಾರ್ಡ್ ಇರುತ್ತಾನೆಯೇ. ಬಾಯಿಮಾತಿನ 'ಹೌದು' ಸಾಲದು, ಉತ್ತರ ಬರಹದಲ್ಲಿ ಬರಲಿ. ಆ ಉತ್ತರ ಕೈಗೆ ಬಂದ ಮೇಲೆ ಮನೆ ಹುಡುಕಿ. ನಿಮ್ಮ ನಕ್ಷೆ ಎಷ್ಟು ದೊಡ್ಡದು ಎಂದು ತೀರ್ಮಾನಿಸುವುದು ಅದೇ.

ಇನ್ನು ನಾಲಾಸೋಪಾರಾ. ಇದರ ಬಗ್ಗೆ ನನ್ನದು ಒಂದೇ ಮಾತು: ಬೇಡ. ದೂರಕ್ಕಾಗಿ ಮಾತ್ರವಲ್ಲ. ಅದು ಇರುವ ವಸಯಿ–ವಿರಾರ್ ಪಟ್ಟಿಯಲ್ಲಿ ಪರವಾನಗಿಯೇ ಇಲ್ಲದೆ ಎದ್ದ ಕಟ್ಟಡಗಳ ಸಾಲುಗಳೇ ಇವೆ. 2025ರ ಆರಂಭದಲ್ಲಿ ನಾಲಾಸೋಪಾರಾದಲ್ಲೇ 41 ಅಕ್ರಮ ಕಟ್ಟಡಗಳನ್ನು ಕೋರ್ಟ್ ಆದೇಶದ ಮೇಲೆ ಕೆಡವಿದರು. ಒಳಗಿದ್ದ ಕುಟುಂಬಗಳು ಪಾತ್ರೆ ಪಗಡಿ ಹೊತ್ತು ಬೀದಿಗೆ ಬಂದವು. ಅದೇ ವರ್ಷ ಆಗಸ್ಟ್ ಕೊನೆಗೆ ವಿರಾರಿನಲ್ಲಿ ಇನ್ನೊಂದು ಅಕ್ರಮ ಕಟ್ಟಡದ ಭಾಗ ರಾತ್ರಿ ಕುಸಿದು ಜನ ಸತ್ತರು. 'ಹೊಸ ಬಿಲ್ಡಿಂಗ್' ಎಂಬ ಮಾತು ಗಟ್ಟಿತನದ ಸಾಕ್ಷಿಯಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನಂಬರ್ ತೋರಿಸಿದರೂ ನಂಬಿ ಕೂರಬೇಡಿ, ಡೊಂಬಿವಲಿಯಲ್ಲಿ 65 ಕಟ್ಟಡಗಳು ನಕಲಿ ಪಾಲಿಕೆ ಕಾಗದ ತೋರಿಸಿಯೇ ರೇರಾ ನೋಂದಣಿ ಪಡೆದಿದ್ದವು. ಕೇಳಬೇಕಾದ ಕಾಗದ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ. ಅದನ್ನು ಪಾಲಿಕೆಯಲ್ಲೇ ವಿಚಾರಿಸಬೇಕು.

ಹೆವಿ ಡಿಪಾಸಿಟ್ ಎಂದರೆ ನಿಮ್ಮ 6 ಲಕ್ಷ ಮಾಲೀಕನ ಕೈಗೆ ಬಡ್ಡಿ ಇಲ್ಲದ ಸಾಲ. ಆತ ಆ ದುಡ್ಡನ್ನು ಎಲ್ಲಿ ಹಾಕಿದ, ಆ ಫ್ಲ್ಯಾಟ್ ಮೇಲೆ ಮೊದಲೇ ಬ್ಯಾಂಕಿನ ಸಾಲ ಇದೆಯೇ, ಅದೇ ಫ್ಲ್ಯಾಟನ್ನು ಇನ್ನಿಬ್ಬರಿಗೆ ತೋರಿಸಿ ದುಡ್ಡು ಎತ್ತಿದ್ದಾನೆಯೇ, ನಿಮಗೆ ತಿಳಿಯುವುದಿಲ್ಲ. ಕಟ್ಟಡಕ್ಕೆ ನೋಟಿಸು ಬಂದರೆ ಮನೆಯೂ ಇಲ್ಲ, ದುಡ್ಡೂ ಇಲ್ಲ. ಅವ್ವನ ಹೆಸರಿನ ಹಣ ಅದಾಗಿದ್ದರೆ ಅದನ್ನು ಮುಟ್ಟಲೇಬೇಡಿ.

ಈಗ ನನ್ನ ಕಸುಬಿನ ವಿಷಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಯಾರೂ ನಿಮಗೆ ಎಚ್ಚರ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು ಮುಲುಂಡಿನಲ್ಲಿ ಮನೆ ನೋಡಿ, ಮುಂಗಡ ಕೊಡುವ ಮೊದಲು ನನ್ನನ್ನು ಕರೆದಿತ್ತು. ಹಳೆಯ ನಾಲ್ಕು ಮಹಡಿ ಕಟ್ಟಡ, ಒಳಗೆ ಹಾಲುಬಣ್ಣದ ಹೊಸ ಪೇಂಟು ಘಮಘಮ. ನಾನು ಬ್ಯಾಗಿನಿಂದ ಮನೆ ಕೀಲಿ ತೆಗೆದು ಬಚ್ಚಲಿನ ಹೊರಗೋಡೆಯ ಪಕ್ಕದ ಕಂಬಕ್ಕೆ ಕೆಳಗಿನಿಂದ ಮೇಲೆ ತಟ್ಟುತ್ತ ಹೋದೆ. ಟಕ್, ಟಕ್, ಟಕ್, ಸೊಂಟದ ಎತ್ತರಕ್ಕೆ ಬರುತ್ತಿದ್ದಂತೆ ಡಬ್, ಡಬ್. ಒಳಗೆ ಪೊಳ್ಳು. ಉಗುರಿನಿಂದ ಕೆರೆದಾಗ ಪೇಂಟಿನ ಕೆಳಗೆ ತುಕ್ಕಿನ ಕೆಂಪು ಗೆರೆ. ಹುಡುಗಿ ಅದನ್ನು ಮುಟ್ಟಿ ನೋಡಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆ ಮನೆ ಬಿಟ್ಟರು.

ಏಕೆ ಹೀಗಾಗುತ್ತದೆ ಎಂದರೆ, ಮುಂಬೈಯ ಗಾಳಿಯಲ್ಲಿ ಉಪ್ಪಿದೆ, ವರ್ಷದ ನಾಲ್ಕು ತಿಂಗಳು ಗೋಡೆ ನೆನೆದೇ ಇರುತ್ತದೆ, ಮೇಲಿನ ಮನೆಯ ಬಚ್ಚಲು ಸೋರುತ್ತದೆ. ನೀರು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ತಲುಪಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಹೊರಕ್ಕೆ ಒಡೆಯುತ್ತದೆ. ಒಮ್ಮೆ ಶುರುವಾದರೆ ಪೇಂಟಿನಿಂದ ನಿಲ್ಲುವುದಿಲ್ಲ. ಕಂಬದ ಉದ್ದಕ್ಕೂ ನೇರ ಬಿರುಕು, ಬಾಲ್ಕನಿಯ ಅಡಿಯಲ್ಲಿ ಹೊರಬಂದ ಸರಳು, ಬಚ್ಚಲು ಪೈಪಿನ ಸಂದಿಯಲ್ಲಿ ಕೈಯುದ್ದ ಬೆಳೆದ ಅರಳಿ ಗಿಡ ಕಂಡರೆ ಹೊರಡಿ. ಇಡೀ ಕಟ್ಟಡವನ್ನು ಹಸಿರು ಜಾಲರಿಯಲ್ಲಿ ಮುಚ್ಚಿ ರಿಪೇರಿ ಮಾಡುತ್ತಿದ್ದರೆ ಅದು ಒಳ್ಳೆಯ ಲಕ್ಷಣವೇ, ಸೊಸೈಟಿ ಎಚ್ಚರವಾಗಿದೆ ಎಂದರ್ಥ.

30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ ಮಾಡಿಸುವುದು ಮುಂಬೈ ಪಾಲಿಕೆಯ ಕಾನೂನಿನಲ್ಲೇ ಕಡ್ಡಾಯ. ಸೊಸೈಟಿಯ ಸೆಕ್ರೆಟರಿಯನ್ನು ವಿನಯದಿಂದಲೇ ಕೇಳಿ: ಆಡಿಟ್ ಯಾವಾಗ ಆಗಿದೆ, ವರ್ಗ ಯಾವುದು? ಸಿ-1 ಎಂದರೆ ತೆರವು ಮಾಡಿ ಕೆಡವಬೇಕಾದದ್ದು. ಸಿ-2 ಎಂದರೆ ದೊಡ್ಡ ರಿಪೇರಿ, ಸಿ-3 ಎಂದರೆ ಸಣ್ಣ ರಿಪೇರಿ. ಸಿ-1 ನೋಟಿಸು ಬಂದ ಕಟ್ಟಡದಲ್ಲೂ ಅಗ್ಗದ ಬಾಡಿಗೆಗೆ ಜನರನ್ನು ತುಂಬುವವರಿದ್ದಾರೆ. ಕಟ್ಟಡದ ನೆಲಮಹಡಿಯನ್ನೂ ನೋಡಿ. ಅಂಗಡಿ ಅಥವಾ ಕ್ಲಿನಿಕ್ಕಿನವರು ಒಳಗೆ ಒಡೆದು ಅಗಲ ಮಾಡುತ್ತಿದ್ದರೆ ಎದೆ ಗಟ್ಟಿ ಮಾಡಿ ಕೇಳಿ, ಕಂಬಕ್ಕೆ ಕೈ ಹಾಕಿದ್ದೀರಾ ಎಂದು. 2017ರ ಜುಲೈ 25ರಂದು ಘಾಟ್ಕೋಪರ್‌ನಲ್ಲಿ ಕಟ್ಟಡ ಕುಸಿದು 17 ಜನ ಸತ್ತಾಗ ನೆಲಮಹಡಿಯಲ್ಲಿ ನವೀಕರಣ ನಡೆದಿತ್ತು. ಆ ಊರು ಕಳಪೆ ಏರಿಯಾ ಅಂತ ಯಾರೂ ಹೇಳಲಾರರು.

ಬೆಂಕಿಯ ವಿಷಯಕ್ಕೆ ಪಾರ್ಕಿಂಗ್ ನೋಡಿದರೆ ಸಾಕು. 2023ರ ಅಕ್ಟೋಬರ್ 6ರ ನಸುಕಿನಲ್ಲಿ ಗೋರೆಗಾಂವ್ ಪಶ್ಚಿಮದ ಏಳು ಮಹಡಿಯ ಕಟ್ಟಡವೊಂದರಲ್ಲಿ ಬೆಂಕಿ ಹತ್ತಿದ್ದು ಕೆಳಗೆ, ಪಾರ್ಕಿಂಗಿನಲ್ಲಿ. ಹೊಗೆ ಮೇಲೆ ಹತ್ತಿ ಕಡಿಮೆಯೆಂದರೂ 7 ಜನ ಹೋದರು. ಮೆಟ್ಟಿಲ ಕೆಳಗೆ ಹಳೆ ಹಾಸಿಗೆ, ಬಟ್ಟೆಯ ಗಂಟು, ಮೀಟರ್ ಪೆಟ್ಟಿಗೆಯಿಂದ ಜೋತುಬಿದ್ದ ವೈರು ಇದ್ದರೆ ಎರಡನೇ ಯೋಚನೆ ಬೇಡ. ದೊಡ್ಡ ಕಟ್ಟಡವಾದರೆ ಅಗ್ನಿಶಾಮಕ ವ್ಯವಸ್ಥೆ ಸರಿಯಿದೆ ಎನ್ನುವ ಫಾರ್ಮ್ ಬಿ ಪ್ರಮಾಣಪತ್ರ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ ಸಲ್ಲಿಸಿರಬೇಕು. ಮೊಣಕಾಲು ನೋವಿನ ಅವ್ವ ಮೆಟ್ಟಿಲಿಳಿಯಲು ಎಷ್ಟು ಹೊತ್ತು ಬೇಕು ಎಂದು ಎಣಿಸಿ ಮಹಡಿ ಆರಿಸಿ. ಲಿಫ್ಟ್ ಇದ್ದರೂ ಮೂರನೆಯದಕ್ಕಿಂತ ಮೇಲೆ ನನ್ನ ಮನಸ್ಸು ಒಪ್ಪದು.

ಹಾಗಾದರೆ ನೆಲಮಹಡಿಯೇ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಅದಕ್ಕೆ ನನ್ನದೇ ಅನುಭವ ಹೇಳಬೇಕು. 2005ರಲ್ಲಿ ನಾನು ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಗರದ ಹಳೆಯ ಚರಂಡಿಗಳು ತಾಳುತ್ತಿದ್ದದ್ದು ತಾಸಿಗೆ 25 ಮಿಲಿಮೀಟರ್. ಮೇಲೆ ಸಮುದ್ರದ ಭರತಿ. ಮಿಠಿ ನದಿ ಹಿಂದಕ್ಕೆ ಹರಿದು ಬಂತು. ನಾನು ಆ ರಾತ್ರಿ ಮೇಲಿನ ಮನೆಯವರ ಅಡುಗೆಮನೆಯಲ್ಲಿ ಕೂತಿದ್ದೆ. ಮರುದಿನ ಇಳಿದಾಗ ನನ್ನ ಗೋಡೆಯ ಮೇಲೆ ಕಿಟಕಿಯ ಸರಳಿನ ಮಟ್ಟಕ್ಕೆ ಕಂದು ಗೆರೆ ಎಳೆದಂತೆ ನಿಂತಿತ್ತು, ಅದರ ಕೆಳಗಿದ್ದ ಪುಸ್ತಕ, ಸೀರೆ, ಅಪ್ಪನ ಪತ್ರ ಎಲ್ಲ ರಾಡಿ. ಈಗ ಪಂಪಿಂಗ್ ಸ್ಟೇಷನ್ ಬಂದಿವೆ, ಚರಂಡಿ ಅಗಲವಾಗಿವೆ, ನೀರು ಮೊದಲಿಗಿಂತ ಬೇಗ ಇಳಿಯುತ್ತದೆ. ಆದರೂ ಕುರ್ಲಾ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಹಿಂದ್‌ಮಾತಾ ಕಡೆ ಜನ ಮಳೆಗಾಲದಲ್ಲಿ ಭರತಿಯ ವೇಳಾಪಟ್ಟಿ ನೋಡಿಯೇ ಹೊರಡುತ್ತಾರೆ.

ಮಿಠಿ ಹರಿಯುವುದು ನಿಮ್ಮ ಮರೋಳ, ಸಾಕಿನಾಕಾದ ಪಕ್ಕದಲ್ಲೇ. ಆದ್ದರಿಂದ ಅಲ್ಲಿ ಮನೆ ನೋಡುವಾಗ ಬ್ರೋಕರನ್ನು ಬಿಟ್ಟು ಕಿರಾಣಿ ಅಂಗಡಿಯ ಹಿರಿಯನನ್ನು ಕೇಳಿ: 'ಛಬ್ಬೀಸ್ ಜುಲೈ ಕೋ ಪಾನೀ ಕಹಾಂ ತಕ್ ಆಯಾ ಥಾ?' ಜುಲೈ 26ರಂದು ನೀರು ಎಲ್ಲಿವರೆಗೆ ಬಂದಿತ್ತು ಎಂದು. ಇಪ್ಪತ್ತು ವರ್ಷ ದಾಟಿದರೂ ಮುಂಬೈಯವರು ಕೈಯಿಟ್ಟು ಎತ್ತರ ತೋರಿಸುತ್ತಾರೆ, ಮಂಡಿ, ಸೊಂಟ, ಎದೆ. ಕೇಳದೆಯೂ ತಿಳಿಯಬಹುದು. ಕರೆಂಟ್ ಮೀಟರುಗಳನ್ನು ತಲೆಯೆತ್ತರಕ್ಕೆ ಏರಿಸಿ ಕೂರಿಸಿದ್ದರೆ, ನೆಲಮಹಡಿಯ ಬಾಗಿಲಿಗೆ ಮೊಳಕಾಲುದ್ದದ ಸಿಮೆಂಟ್ ಕಟ್ಟೆ ಇದ್ದರೆ ಆ ಬೀದಿ ನೀರು ಕಂಡಿದೆ. ಅಸಲ್ಫಾದಂಥ ಗುಡ್ಡದ ಬದಿಗೆ ಹೋದರೆ ನೀರಿನ ಭಯ ಇಲ್ಲ, ಆದರೆ ಗುಡ್ಡ ತಡೆಯುವ ಗೋಡೆಯ ಬುಡದಲ್ಲಿ ಮನೆ ಮಾಡಬೇಡಿ. 2021ರ ಜುಲೈ 18ರಂದು ಚೆಂಬೂರು, ವಿಕ್ರೋಳಿಗಳಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದು ಅಂಥ ಇಳಿಜಾರಿನ ಗೋಡೆ, ಮಣ್ಣೇ.

ಇಷ್ಟು ಹೇಳಿದ ಮೇಲೆ ನಿಮ್ಮ ಮುಂದಿರುವ ದಾರಿಗಳು ಯಾವುವು?

ನನ್ನನ್ನು ಕೇಳಿದರೆ, ಮೊದಲ ಎರಡು ಮೂರು ತಿಂಗಳು ಅವ್ವ ಗದಗಿನಲ್ಲೇ ಇರಲಿ, ನೀವು ಆಫೀಸಿನ ಹತ್ತಿರ ಹೆಣ್ಣುಮಕ್ಕಳ ಪಿಜಿಯಲ್ಲಿರಿ. ಪಿಜಿಯ ತೊಂದರೆ ನನಗೂ ಗೊತ್ತು: ಒಂದು ಕೋಣೆಗೆ ನಾಲ್ಕು ಮಂಚ, ಡಿಪಾಸಿಟ್ ವಾಪಸು ಕೊಡಲು ಸತಾಯಿಸುವ ಮಾಲೀಕರು, ಹತ್ತಕ್ಕೆ ಗೇಟು ಹಾಕುವ ನಿಯಮ. ನಿಮ್ಮ ಶಿಫ್ಟಿಗೆ ಗೇಟಿನ ಸಮಯ ಒಪ್ಪುತ್ತದೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಆದರೆ ಆ ತಿಂಗಳುಗಳಲ್ಲಿ ನಿಮ್ಮ ಕಾಲಿಗೆ ಬೀದಿಗಳು ಗೊತ್ತಾಗುತ್ತವೆ, ಜೊತೆಗೆ ಕೆಲಸ ಮಾಡುವವರಲ್ಲಿ ಯಾರು ಯಾವ ಕಡೆ ಹೋಗುತ್ತಾರೆ ತಿಳಿಯುತ್ತದೆ. ಅದರಲ್ಲಿ ಒಂದು ತಿಂಗಳಾದರೂ ಮಳೆಗಾಲದ್ದಾಗಿದ್ದರೆ ಇನ್ನೂ ಒಳ್ಳೆಯದು. ಅವ್ವ ಬರುವುದು ದೀಪಾವಳಿ ಮುಗಿಸಿಕೊಂಡು ಆಗಲಿ.

ಆಮೇಲೆ ಮನೆ. ಮರೋಳ, ಚಕಾಲಾ, ಜೋಗೇಶ್ವರಿ ಪೂರ್ವ, ಇಲ್ಲವೇ ಮೆಟ್ರೋ ಒಂದನೇ ಲೈನಿನ ಮೇಲೆ ಘಾಟ್ಕೋಪರ್ ಕಡೆಗಿನ ಸ್ಟೇಷನ್‌ಗಳು. ಮರೋಳ್ ನಾಕಾದಲ್ಲಿ ಎರಡು ಮೆಟ್ರೋ ಸೇರುತ್ತವೆ, ಅಲ್ಲಿ ಬೀದಿ ತಡರಾತ್ರಿವರೆಗೂ ಎಚ್ಚರ. ನಿಮ್ಮ ಬಜೆಟ್ಟಿಗೆ ದೊಡ್ಡ ಮನೆ ಸಿಗದು, ವನ್ ಆರ್‌ಕೆಯೇ ಗತಿ. ಇಕ್ಕಟ್ಟು, ನೀರು ಬರುವ ಹೊತ್ತಿಗೆ ಹಿಡಿದಿಟ್ಟುಕೊಳ್ಳಬೇಕು, ಸದ್ದು ಇದೆ. ಆದರೆ ನೀವು ಹನ್ನೊಂದೂವರೆಗೆ ಅವ್ವನ ಪಕ್ಕದಲ್ಲಿರುತ್ತೀರಿ. ಎಸ್‌ಆರ್‌ಎ (ಝೋಪಡಪಟ್ಟಿಯವರ ಪುನರ್ವಸತಿಗೆ ಕಟ್ಟಿದ) ಕಟ್ಟಡದ ಮನೆ ಅಗ್ಗಕ್ಕೆ ತೋರಿಸಿದರೆ ಜೋಪಾನ: ಹಂಚಿಕೆಯಾದ ಮೇಲೆ ನಿಗದಿತ ವರ್ಷಗಳವರೆಗೆ ಅವನ್ನು ಬಾಡಿಗೆಗೆ ಕೊಡುವಂತಿಲ್ಲ, ತಪಾಸಣೆ ಬಂದರೆ ಖಾಲಿ ಮಾಡಬೇಕಾದವರು ನೀವು.

ಮನೆ ಒಪ್ಪಿಗೆಯಾದರೆ ಒಂದು ರಾತ್ರಿ ಹನ್ನೊಂದೂವರೆಗೆ, ಗೆಳತಿಯೊಬ್ಬಳ ಜೊತೆ, ಸ್ಟೇಷನ್ನಿನಿಂದ ಬಾಗಿಲವರೆಗೆ ನಡೆಯಿರಿ. ಕೊನೆಯ ತೆರೆದ ಅಂಗಡಿ ಯಾವುದು, ಅಲ್ಲಿಂದ ಮನೆ ಎಷ್ಟು ಹೆಜ್ಜೆ ಎಂದು ಎಣಿಸಿ. ಮೆಡಿಕಲ್ ಸ್ಟೋರ್, ರಿಕ್ಷಾ ಸ್ಟ್ಯಾಂಡ್, ಚಹಾ ಟಪರಿ ಇವು ಮೂರರಲ್ಲಿ ಒಂದಾದರೂ ತೆರೆದಿರಲಿ. ಖಾಲಿ ಸ್ಕೈವಾಕ್ (ನಡೆಯುವವರ ಮೇಲ್ಸೇತುವೆ) ಮೇಲಿಂದಲೇ ಹೋಗಬೇಕಾದ ದಾರಿಯಾದರೆ ಬೇರೆ ನೋಡಿ. ವಾಚ್‌ಮನ್ ಎಚ್ಚರವಿದ್ದಾನೆಯೇ ಅಂತ ಅಲ್ಲ, ನಿಮ್ಮನ್ನು ತಡೆದು 'ಯಾರು ಬೇಕು' ಎಂದು ಕೇಳಿದನೇ ಅಂತ ನೋಡಿ.

ಕರಾರು ಲೀವ್ ಅಂಡ್ ಲೈಸೆನ್ಸ್ (ನಿಗದಿತ ಅವಧಿಗೆ ವಾಸದ ಅನುಮತಿ) ರೂಪದಲ್ಲಿ, ನೋಂದಣಿ ಆದದ್ದೇ ಬೇಕು. ಬರೀ ನೋಟರಿ ಮಾಡಿಸಿ ಕೊಡುತ್ತೇವೆ ಅನ್ನುತ್ತಾರೆ, ಒಪ್ಪಬೇಡಿ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಕರಾರು ಬರಹದಲ್ಲಿ ನೋಂದಣಿ ಆಗಿರಲೇಬೇಕು, ಮಾಡಿಸುವ ಹೊಣೆ ಮಾಲೀಕರದು, ಮಾಡಿಸದಿದ್ದರೆ ಅವರಿಗೇ ಶಿಕ್ಷೆ. ಈಗ ಆನ್‌ಲೈನಿನಲ್ಲೇ ಆಗುತ್ತದೆ. ಸಹಿ ಹಾಕುವ ಮೊದಲು ಮಾಲೀಕರ ಹೆಸರಿನ ಕರೆಂಟ್ ಬಿಲ್ಲು, ಸೊಸೈಟಿಯ ಷೇರು ಪತ್ರ, ಸೊಸೈಟಿಯ ಒಪ್ಪಿಗೆ ಪತ್ರ ಕೇಳಿ. ಬಾಡಿಗೆದಾರರ ವಿವರವನ್ನು ಮಾಲೀಕರು ಪೊಲೀಸರಿಗೆ ತಿಳಿಸಿದ್ದಾರೆಯೇ ನೋಡಿ. ಅದು ನಿಮ್ಮ ಮೇಲಿನ ಅನುಮಾನವಲ್ಲ, ನೀವು ಅಲ್ಲಿದ್ದೀರಿ ಎನ್ನುವ ದಾಖಲೆ. ಫೋನಿನಲ್ಲಿ 112 ಇರಲಿ, ಮುಂಬೈ ಪೊಲೀಸರ ಮಹಿಳಾ ಸಹಾಯವಾಣಿ 103 ಇರಲಿ, ಮಳೆಗಾಲಕ್ಕೆ ಪಾಲಿಕೆಯ 1916.

ಅವ್ವನ ಬಗ್ಗೆ. ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಹನ್ನೊಂದೂವರೆವರೆಗೆ ಅವರು ಒಬ್ಬರೇ. ಒಂಟಿ ಹಿರಿಯರಿಗೆ ಈಗ ಕಾಡುತ್ತಿರುವ ದೊಡ್ಡ ಕಳ್ಳ ಬಾಗಿಲಿನಿಂದ ಬರುವುದಿಲ್ಲ, ಫೋನಿನಿಂದ ಬರುತ್ತಾನೆ: 'ಪೊಲೀಸ್, ಸಿಬಿಐ, ನಿಮ್ಮ ಮಗಳು ಸಿಕ್ಕಿಬಿದ್ದಿದ್ದಾಳೆ, ದುಡ್ಡು ಹಾಕಿ.' ಗೊತ್ತಿಲ್ಲದ ನಂಬರಿನಲ್ಲಿ ಹಿಂದಿ ಮಾತು ಬಂದರೆ ಇಟ್ಟುಬಿಡಿ ಎಂದು ಹೇಳಿಕೊಡಿ. ದುಡ್ಡು ಹೋಗಿಯೇ ಬಿಟ್ಟರೆ ತಕ್ಷಣ 1930ಕ್ಕೆ ಫೋನು. ಮಾತಿಗೆ ಜನ ಬೇಕೆಂದರೆ ಭಾನುವಾರ ಮಾಟುಂಗಾಕ್ಕೆ ಕರೆದುಕೊಂಡು ಹೋಗಿ, ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್ ಎರಡೂ ಅಲ್ಲೇ ಇವೆ. ಆದರೆ ವಾರದ ಆರು ದಿನ ಅವರಿಗೆ ಬೇಕಾದದ್ದು ಭಾಷೆ ಒಂದೇ ಆದವರಿಗಿಂತ ಗೋಡೆ ಒಂದೇ ಆದವರು.

ಅದಕ್ಕೇ ರಂಗೋಲಿಯ ಪ್ರಶ್ನೆ ನನಗೆ ಸಣ್ಣದೆನಿಸಲಿಲ್ಲ. ಇಲ್ಲಿ ಎರಡು ಬಗೆಯ ಕಟ್ಟಡಗಳಿವೆ. ಒಂದರಲ್ಲಿ ಲಿಫ್ಟಿನಿಂದ ಇಳಿದರೆ ಕತ್ತಲ ಕಾರಿಡಾರ್, ಮುಚ್ಚಿದ ಬಾಗಿಲುಗಳು, ಪಕ್ಕದ ಮನೆಯವರ ಹೆಸರೂ ತಿಳಿಯದು. ಇನ್ನೊಂದರಲ್ಲಿ ಮನೆಗಳ ಮುಂದೆ ಉದ್ದಕ್ಕೂ ತೆರೆದ ಗ್ಯಾಲರಿ, ಹಗಲು ಬಾಗಿಲು ಅರ್ಧ ತೆರೆದೇ ಇರುತ್ತದೆ, ಒಬ್ಬರ ಕುಕ್ಕರ್ ಕೂಗಿದರೆ ನಾಲ್ಕು ಮನೆಗೆ ಕೇಳುತ್ತದೆ. ಹಳೆಯ ಚಾಳ್‌ಗಳ ಮಾದರಿಯಲ್ಲಿ ಕಟ್ಟಿದ ಇಂಥ ಕಟ್ಟಡಗಳು ಅಂಧೇರಿ, ಜೋಗೇಶ್ವರಿ, ಘಾಟ್ಕೋಪರ್‌ಗಳಲ್ಲಿ ಇನ್ನೂ ಇವೆ. ಕಂಬಕ್ಕೆ ಕೀಲಿ ತಟ್ಟಿ ನೋಡಿ, ಟಕ್ ಅಂದರೆ ಅಂಥದ್ದನ್ನೇ ಹಿಡಿಯಿರಿ. ಬೆಳಿಗ್ಗೆ ಅವ್ವ ಬಾಗಿಲ ಮುಂದೆ ಎರಡಡಿ ಜಾಗದಲ್ಲಿ ಚುಕ್ಕಿ ಇಡುತ್ತಾರೆ. ಒಂದು ದಿನ ಇಡದಿದ್ದರೆ ಎದುರಿನ ಮನೆಯ ಆಯಿ ಹತ್ತು ಗಂಟೆಯೊಳಗೆ ಬಂದು ಬಾಗಿಲು ಬಡಿಯುತ್ತಾಳೆ.